ಭಾವನ ಭುಜಕೀರ್ತಿ

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮೈಕು ಹಿಡಿದ ಹುಡುಗಿಯೊಬ್ಬಳು ವೇದಿಕೆಗೆ ಬಂದು, ‘ಈಗ ವಧೂವರರು ತಮ್ಮ ಪ್ರೀತಿಯ ಕಥೆಯನ್ನು ಕುಣಿದು ತೋರಿಸಲಿದ್ದಾರೆ, ಬಟ್ಟೆಗಳನ್ನು ಅವರೇ ಕೈಯಾರೆ ಹೊಲಿದಿದ್ದಾರೆ’ ಎಂದು ಸಾರಿದರೆ ಹಸಿದವನು ಏನು ಮಾಡಬೇಕು? ನಾನು ಚಪ್ಪಾಳೆ ತಟ್ಟಿದೆ. ಅಡುಗೆಮನೆಯ ಕಡೆಯಿಂದ ಸಾರಿನ ಒಗ್ಗರಣೆಯ ಪರಿಮಳ ಬರುತ್ತಿತ್ತು. ಹತ್ತಿರದ ಸಂಬಂಧವಾದ್ದರಿಂದ ಎದ್ದು ಹೋಗುವ ಹಾಗೂ ಇರಲಿಲ್ಲ.

ಹುಡುಗ, ಹುಡುಗಿ ಇಬ್ಬರೂ ಒಳ್ಳೆಯವರೇ. ಅಜ್ಜಿಯ ಇಳಕಲ್ ಸೀರೆಯನ್ನು ಕತ್ತರಿಸಿ (ಅಜ್ಜಿಗೆ ಮೊದಲೇ ತಿಳಿಸಿದ್ದರೋ ಇಲ್ಲವೋ!) ಇಬ್ಬರ ತೋಳುಗಳನ್ನೂ ಒಂದೇ ಪಟ್ಟಿಯಿಂದ ಜೋಡಿಸಿಕೊಂಡಿದ್ದರು. ಗುಂಡಿ ಹಾಕಿದಾಗ ಹತ್ತಿರ, ಬಿಚ್ಚಿದಾಗ ದೂರ. ಚೆನ್ನಾಗಿಯೇ ಇತ್ತು. ನನ್ನ ತಕರಾರು ಮೈಕಿನ ಮೇಲೆ. ‘ಈ ನೀಲಿ ತುಂಡು ಅವರ ನಡುವೆ ಬಂದ ಮುನಿಸು’ ಎಂದು ಅದು ವಿವರಿಸಿತು. ನೋಡುವವರಿಗೆ ಕಣ್ಣಿದೆ ಎಂಬ ನಂಬಿಕೆಯೇ ಈಗಿನವರಿಗೆ ಇಲ್ಲ. ಅದೂ ಹೋಗಲಿ, ಆ ಮುನಿಸು ಹಾಡಿನ ಎರಡನೆಯ ಚರಣ ಮುಗಿಯುವುದರೊಳಗೆ ಹರಿದೇಹೋಯಿತು. ಅಷ್ಟು ಬೇಗ ಹರಿಯುವ ಮುನಿಸಿಗೆ ಒಳ್ಳೆಯ ಸೀರೆ ಕತ್ತರಿಸುತ್ತಾರೆಯೇ?

ಮುನಿಸನ್ನು ನೋಡಬೇಕಿದ್ದರೆ ನಮ್ಮ ಅಪ್ಪಯ್ಯ ಮತ್ತು ಸೋದರಮಾವನದನ್ನು ನೋಡಬೇಕಿತ್ತು.

ನಮ್ಮದು ಹೊನ್ನಾವರದ ಕಡೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಸೀಮೆ. ಅಲ್ಲಿ ಅಡಿಕೆ ಸುಲಿಯುವವರೂ ಆಟದ ವಿಮರ್ಶಕರೇ. ವರ್ಷಕ್ಕೊಮ್ಮೆಯಾದರೂ ಬಣ್ಣ ಹಚ್ಚದ ಗಂಡಸನ್ನು ಊರು ಸ್ವಲ್ಪ ಅನುಮಾನದಿಂದಲೇ ನೋಡುತ್ತದೆ. ಅಪ್ಪಯ್ಯನಿಗೆ ಅರ್ಜುನನ ಹುಚ್ಚು, ಮಾವನಿಗೆ ಕೃಷ್ಣನದು. ಊರಿನ ಹವ್ಯಾಸಿ ಸಂಘ ‘ಕೃಷ್ಣಾರ್ಜುನ ಕಾಳಗ’ ಇಟ್ಟುಕೊಂಡರೆ ಪಾತ್ರ ಹಂಚುವ ಚರ್ಚೆಯೇ ಇರುತ್ತಿರಲಿಲ್ಲ.

ಮಾವನಿಗೆ ಇನ್ನೊಂದು ಹುಚ್ಚೂ ಇತ್ತು. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆಯಾದಾಗ ಜಗಲಿಯಲ್ಲಿ ಕುಳಿತು ವೇಷದ ಆಭರಣ ಮಾಡುವುದು. ಹಗುರ ಜಾತಿಯ ಮರವನ್ನು ಉಳಿಯಿಂದ ಕೆತ್ತಿ, ಮೇಲೆ ಬೇಗಡೆ ಅಂಟಿಸಿ, ನಡುವೆ ಕನ್ನಡಿಯ ಚೂರು ಕೂರಿಸುತ್ತಿದ್ದ. ಅಪ್ಪಯ್ಯನಿಗೆಂದೇ ಒಂದು ಜೊತೆ ಭುಜಕೀರ್ತಿ ಮಾಡಿದ. ಬಾಳೆನಾರು ಹಿಡಿದು ಅಳತೆ ತೆಗೆಯುವಾಗ, ‘ಭಾವ, ನಿನ್ನ ಎಡಭುಜ ಬಲದ್ದಕ್ಕಿಂತ ತುಸು ಇಳಿದಿದೆ’ ಎಂದ. ಅಮ್ಮನಿಗೂ ಗೊತ್ತಿಲ್ಲದ ವಿಷಯ. ಎಡದ್ದರ ಒಳಮೈಗೆ ಹಳೆಯ ಪಂಚೆಯ ಅರಿವೆಯನ್ನು ಮಡಿಸಿ, ಇಳಿದಷ್ಟನ್ನು ಎತ್ತಿ ಹೊಲಿದ. ಹಾಕಿಕೊಂಡು ನಿಂತರೆ ಎರಡೂ ಭುಜ ತಕ್ಕಡಿ ಹಿಡಿದ ಹಾಗೆ ಸಮ. ಬೇರೆ ಯಾರು ಕಟ್ಟಿಕೊಂಡರೂ ಎಡಗಡೆಯದು ಗೋಪುರದಂತೆ ಎದ್ದು ನಿಲ್ಲುತ್ತಿತ್ತು.

ಆಮೇಲೆ ಹಲಸಿನ ಮರದ ಜಗಳ ಬಂತು. ಮರ ಮಾವನ ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ಹಣ್ಣು ಬಿಡುವ ಕೊಂಬೆಗಳೆಲ್ಲ ನಮ್ಮ ಬೇಲಿಯ ಈಚೆ. ಯಾರು ಮೊದಲು ಏನು ಅಂದರು ಎಂಬುದರ ಬಗ್ಗೆ ಎರಡೂ ಮನೆಗಳಲ್ಲಿ ಬೇರೆಬೇರೆ ಪುರಾಣಗಳಿವೆ. ಒಟ್ಟಿನಲ್ಲಿ ಮಾತು ನಿಂತಿತು. ‘ನಿನ್ನ ಅಪ್ಪಯ್ಯನಿಗೆ ಹೇಳು’, ‘ನಿನ್ನ ಮಾವನಿಗೆ ತಿಳಿಸು’ ಎಂದು ಇಬ್ಬರೂ ನನ್ನನ್ನು ಅಂಚೆಯವನನ್ನಾಗಿ ಮಾಡಿದರು. ಆ ವರ್ಷವೂ ಸಂಘದವರು ಅದೇ ಪ್ರಸಂಗ ಇಟ್ಟರು. ಬೇಕೆಂದೇ ಇಟ್ಟರು ಎಂಬುದು ನನ್ನ ಗುಮಾನಿ. ಇಬ್ಬರಲ್ಲಿ ಒಬ್ಬನೂ ಪಾತ್ರ ಬಿಡಲಿಲ್ಲ. ಮಾತು ಬಿಟ್ಟವರಿಗೂ ವೇಷ ಬಿಡಲು ಆಗುವುದಿಲ್ಲ.

ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯಲ್ಲಿ ನಾನೂ ಇದ್ದೆ. ಅಪ್ಪಯ್ಯ ಮುಂಡಾಸು ಕಟ್ಟಿಕೊಳ್ಳುತ್ತಿದ್ದಾಗ ದಾರದ ತುದಿಯನ್ನು ಎಳೆದು ಹಿಡಿಯಲು ಒಬ್ಬರು ಬೇಕಾಯಿತು. ಹುಡುಗರೆಲ್ಲ ರಂಗಸ್ಥಳದ ಕಡೆ ಓಡಿದ್ದರು. ನಾನು ಎದ್ದೆ. ಅಷ್ಟರಲ್ಲಿ ಅರ್ಧ ಬಣ್ಣದ ಮುಖದಲ್ಲಿ ಮಾವನೇ ಬಂದು ದಾರ ಹಿಡಿದ. ಒಂದು ಮಾತಿಲ್ಲ. ಅಪ್ಪಯ್ಯ ಒಂದು ಸುತ್ತು ಸುತ್ತುವುದು, ಮಾವ ಎಳೆಯುವುದು; ಇನ್ನೊಂದು ಸುತ್ತು, ಇನ್ನಷ್ಟು ಬಿಗಿ. ಹಲಸಿನ ಮರದ ಅಷ್ಟೂ ವಿಚಾರ ಆ ದಾರದಲ್ಲಿತ್ತು. ಅಪ್ಪಯ್ಯನ ಹುಬ್ಬು ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಬೆಳಗಿನ ತನಕ ಅರ್ಜುನನ ಮುಖದಲ್ಲಿ ಒಂದು ಬಗೆಯ ಆಶ್ಚರ್ಯ ಇದ್ದೇ ಇತ್ತು. ಭುಜಕೀರ್ತಿಯೂ ಅದೇ, ಮಾವ ಮಾಡಿದ್ದು. ಬೇರೆ ಜೊತೆ ಇರಲಿಲ್ಲ.

ಆ ಕಾಳಗಕ್ಕೆ ಕಾರಣವಾದ ಗಯನ ಕಥೆ ವ್ಯಾಸಭಾರತದಲ್ಲಿ ಸಿಗುವುದಿಲ್ಲ. ಆದರೆ ನಮ್ಮ ಕಡೆ ಅದು ಗೊತ್ತಿಲ್ಲದ ಮಗುವಿಲ್ಲ. ರಥದಲ್ಲಿ ಹೋಗುತ್ತಿದ್ದ ಈ ಗಂಧರ್ವ ಮೇಲಿನಿಂದ ಉಗುಳಿದ ತಾಂಬೂಲ ಅರ್ಘ್ಯ ಕೊಡುತ್ತಿದ್ದ ಕೃಷ್ಣನ ಬೊಗಸೆಗೆ ಬಿತ್ತು. ಅವನನ್ನು ಕೊಲ್ಲುತ್ತೇನೆಂದು ಕೃಷ್ಣ ಶಪಥ ಮಾಡಿದ, ಗಯ ಹೋಗಿ ಅರ್ಜುನನಿಗೆ ಶರಣಾದ. (ಬಸ್ಸಿನ ಕಿಟಕಿಯಿಂದ ಉಗುಳುವವರನ್ನು ಕಂಡಾಗಲೆಲ್ಲ ನಾನು ಪೂರ್ತಿಯಾಗಿ ಕೃಷ್ಣನ ಪಕ್ಷ.) ಆಟದಲ್ಲಿ ಮಾತು ಬರೆದಿಟ್ಟದ್ದಲ್ಲವಲ್ಲ, ಆಯಾ ಹೊತ್ತಿಗೆ ಹುಟ್ಟುವುದು. ಪದ್ಯ ಮುಗಿಯಿತು, ಇಬ್ಬರೂ ಎದುರಾದರು.

‘ಅರ್ಜುನಾ, ಕೊಂಬೆ ಎಲ್ಲಿ ಚಾಚಿದೆ ಎಂದು ನೋಡಬೇಡ, ಬೇರು ಎಲ್ಲಿದೆ ಎಂದು ನೋಡು’ ಎಂದ ಕೃಷ್ಣ.

ಸಭೆ ನೆಟ್ಟಗೆ ಕುಳಿತಿತು. ಗಯನಿಗೂ ಕೊಂಬೆಗೂ ಏನು ಸಂಬಂಧ ಎಂದು ಪರಊರಿನವರು ಅಕ್ಕಪಕ್ಕ ಕೇಳತೊಡಗಿದರು.

‘ಬೇಲಿ ದಾಟಿ ನನ್ನ ಅಂಗಳಕ್ಕೆ ಬಿದ್ದದ್ದು ನನಗೆ ಶರಣು ಬಂದ ಹಾಗೆ, ಕೃಷ್ಣಾ. ಶರಣು ಬಂದವನನ್ನು ಪಾಂಡವರು ಬಿಟ್ಟುಕೊಟ್ಟದ್ದಿಲ್ಲ.’

‘ಹಾಗಾದರೆ ಇಷ್ಟು ವರ್ಷ ಬಿದ್ದದ್ದರ ಲೆಕ್ಕವನ್ನೂ ಕೊಡುತ್ತೀಯೋ?’

ಭಾಗವತರು ಅನುಭವಿಗಳು. ಲೆಕ್ಕದ ಮಾತು ಬಂದೊಡನೆ ತಾಳ ತಟ್ಟಿ ಯುದ್ಧದ ಪದ್ಯ ಎತ್ತಿಕೊಂಡರು. ಚೆಂಡೆ ಏರಿತು. ಮಾವ ಮಂಡಿಯೂರಿ ರಂಗಸ್ಥಳದ ಸುತ್ತ ತಿರುಗಿದ. ಭಾವನಿಗೆ ಮಂಡಿನೋವು ಎಂದು ಚೆನ್ನಾಗಿ ಬಲ್ಲವನು ತಿರುಗಿದ ತಿರುಗುವಿಕೆ ಅದು. ಅಪ್ಪಯ್ಯ ಸುಮ್ಮನಿರುತ್ತಾನೆಯೇ? ಅವನೂ ಊರಿದ. ಎದ್ದು ಬಿಲ್ಲು ಬೀಸುವಾಗ ಎಡಗಡೆಯ ಭುಜಕೀರ್ತಿಯ ಲಾಡಿ ಕಡಿದು, ಅದು ತೋಳಿನ ಮೇಲೆ ಜಾರಿತು. ಮಾವ ಹೆಜ್ಜೆ ತಪ್ಪಿಸದೆ ಸುತ್ತಿ ಬಂದು, ಬಾಣ ತಪ್ಪಿಸಿಕೊಳ್ಳುವ ನೆಪದಲ್ಲಿ ಬಗ್ಗಿ, ಅಂಗೈಯಿಂದ ಅದನ್ನು ಮೇಲಕ್ಕೆ ತಳ್ಳಿ, ಕಡಿದ ಲಾಡಿಯನ್ನು ಎದೆಯ ಪಟ್ಟಿಗೆ ಸಿಕ್ಕಿಸಿ ಹಿಂದೆ ಸರಿದ. ಆಮೇಲೆ ಅಪ್ಪಯ್ಯನ ಎದೆಗೇ ಗುರಿಯಿಟ್ಟ.

ಇದರ ಬಗ್ಗೆ ಊರು ಈಗಲೂ ಎರಡು ಪಂಗಡ. ಒಳಗಿನ ಪ್ರೀತಿ ಕೈಯಲ್ಲಿ ಬಂತು ಎನ್ನುವವರು ಹೆಚ್ಚು; ಅವರಿಗೆ ಇಂಥದ್ದೆಲ್ಲ ಬಹಳ ಇಷ್ಟ. ನನಗೆ ಅಷ್ಟು ಸುಲಭವಾಗಿ ನಂಬಿಕೆ ಬರುವುದಿಲ್ಲ. ತನ್ನ ಕೈಕೆಲಸ ಜನರೆದುರು ಜೋತುಬಿದ್ದದ್ದನ್ನು ಮಾವ ಸಹಿಸಲಿಲ್ಲ, ಅಷ್ಟೇ ಇರಬಹುದು. ಎರಡೂ ಇರಬಹುದೇ ಎಂದು ಯೋಚಿಸುತ್ತೇನೆ. ಯೋಚನೆ ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ಮಾವನನ್ನು ಕೇಳಿದ್ದೆ. ‘ಲಾಡಿ ಹಳೆಯದಾಗಿತ್ತು’ ಎಂದ.

ಆದರೆ ಆ ರಾತ್ರಿಯ ನಿಜವಾದ ಇಕ್ಕಟ್ಟು ಸುಭದ್ರೆಯದು. ಅರ್ಜುನನ ಹೆಂಡತಿ, ಕೃಷ್ಣನ ತಂಗಿ. ಯಾರು ಗೆದ್ದರೂ ಅವಳಿಗೇ ಸೋಲು. ಸುಭದ್ರೆ ಮಾಡಿದವರು ನಮ್ಮ ಶಾಲೆಯ ಮೇಷ್ಟ್ರು. ಉಟ್ಟದ್ದು ಅಮ್ಮನ ಧಾರೆಸೀರೆ. ಒಳ್ಳೆಯ ಸೀರೆ ಎಂದು ಸಂಘದವರು ಕೇಳಿ ಒಯ್ದಿದ್ದರು. ಗಂಡನ ಕಾಲು ಹಿಡಿದು, ಅಣ್ಣನ ಕಾಲು ಹಿಡಿದು ಮೇಷ್ಟ್ರು ಅತ್ತ ಅಳುವಿಗೆ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲೇ ಚಾಪೆಯ ಮೇಲೆ ಕುಳಿತಿದ್ದ ಅರ್ಜುನನ ನಿಜವಾದ ಹೆಂಡತಿ, ಕೃಷ್ಣನ ನಿಜವಾದ ತಂಗಿ, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಆ ಮುಖದಲ್ಲಿದ್ದದ್ದು ಏನು ಎಂದು ಬಹಳ ವರ್ಷ ತಲೆ ಕೆಡಿಸಿಕೊಂಡು, ಕೊನೆಗೊಮ್ಮೆ ಕೇಳಿಯೇಬಿಟ್ಟೆ.

‘ಏನಿರುತ್ತದೆ? ಆ ಮೇಷ್ಟ್ರು ಮುಖದ ಬಣ್ಣವನ್ನೆಲ್ಲ ನನ್ನ ಸೆರಗಿಗೆ ಒರೆಸುತ್ತಿದ್ದರು. ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ’ ಎಂದಳು ಅಮ್ಮ. ಸ್ವಲ್ಪ ತಡೆದು ಸೇರಿಸಿದಳು: ‘ಆ ಹಲಸೋ, ಬಕ್ಕೆಯೂ ಅಲ್ಲ. ತೊಳೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ.’