ರಕ್ತ ನಿಂತೋಗಿದೆ ಕಣೋ!

ಅಕ್ಕನ ಮನೆಯ ಗೃಹಪ್ರವೇಶ. ಟೇಬಲ್ ಊಟ ಬೇಡ, ನೆಲದ ಪಂಕ್ತಿಯೇ ಚೆಂದ ಎಂದು ಭಾಷಣ ಬಿಗಿದವನು ನಾನೇ. ಚಕ್ಕಳಮಕ್ಕಳ ಹಾಕಿ ಕೂತೆ. ಕೋಸಂಬರಿಯಿಂದ ಮೂರನೇ ಹೋಳಿಗೆಯವರೆಗೆ ನನಗೆ ಕಾಲಿದೆ ಎಂಬುದೇ ಮರೆತಿತ್ತು. ಮಜ್ಜಿಗೆ ಬರುವ ಹೊತ್ತಿಗೆ ಎಡಗಾಲು ನಿಜಕ್ಕೂ ಇರಲಿಲ್ಲ.

ಜೋಮು ಬಿಡಲಿ, ಸ್ವಲ್ಪ ಕೂತಿರೋಣ ಅಂದುಕೊಂಡೆ. ಆದರೆ ಮುಂದಿನ ಪಂಕ್ತಿಯವರು ಆಗಲೇ ಬೆನ್ನ ಹಿಂದೆ ಬಂದು ನಿಂತಿದ್ದರು. ಆ ನೋಟ ಗೊತ್ತಲ್ವಾ? ಎದ್ದೆ. ಮಂಡಿ ಎದ್ದಿತು, ಪಾದದ ಮುಂಭಾಗ ಮಾತ್ರ ನೆಲ ಬಿಡಲಿಲ್ಲ. ಮುಗ್ಗರಿಸಿ, ಕಂಬ ಹಿಡಿಯಲು ಹೋಗಿ, ಬಡಿಸುವ ಹುಡುಗನ ಮಜ್ಜಿಗೆ ಬಕೆಟ್ಟಿನ ಅಂಚಿಗೆ ಮೊಣಕೈ ಕುಟ್ಟಿಸಿಕೊಂಡೆ. ಕರೆಂಟ್ ಹೊಡೆದಂತೆ ಕಿರುಬೆರಳಿನ ತುದಿವರೆಗೂ ಝುಮ್ಮೆಂದಿತು!

"ಅಯ್ಯೋ, ಕಾಲಲ್ಲಿ ರಕ್ತ ನಿಂತೋಗಿದೆ ಕಣೋ" ಎಂದರು ದೊಡ್ಡಮ್ಮ. "ಕೈ ಮೂಳೆ ಮುರೀತೇನೋ" ಎಂದರು ದೊಡ್ಡಪ್ಪ.

"206 ಮೂಳೇಲಿ ಒಂದಕ್ಕೂ ಏನೂ ಆಗಿಲ್ಲ. ಎರಡೂ ನರದ ಕಥೆ, ಮಾವ" ಎಂದ ಅಕ್ಕನ ಮಗ. ಫಿಸಿಯೋಥೆರಪಿ ಓದುತ್ತಿದ್ದಾನೆ. ಪರೀಕ್ಷೆ ಹತ್ತಿರವಿತ್ತು. ಪುಕ್ಕಟೆ ದೇಹ ಸಿಕ್ಕಿದರೆ ಬಿಡುತ್ತಾನೆಯೇ?

ಮಂಡಿಯ ಹೊರಬದಿ, ಸ್ವಲ್ಪ ಕೆಳಗೆ ಒಂದು ಗಂಟಿನಂಥ ಮೂಳೆ ಕೈಗೆ ಸಿಗುತ್ತದೆ. ಅದರ ಬುಡ ಸುತ್ತಿಕೊಂಡು ಚರ್ಮದ ಕೆಳಗೇ ಒಂದು ನರ ಇಳಿಯುತ್ತದಂತೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಅಪ್ಪಣೆ ಹೋಗುವುದು ಅದೇ ದಾರಿಯಲ್ಲಿ. ನಾನು ಮುಕ್ಕಾಲು ಗಂಟೆ ಅದನ್ನು ನೆಲಕ್ಕೆ ಒತ್ತಿ ಹೋಳಿಗೆ ತಿಂದಿದ್ದೆ. ಅಪ್ಪಣೆ ತಲುಪಲಿಲ್ಲ, ಪಾದ ಏಳಲಿಲ್ಲ. ಆಮೇಲೆ ಇರುವೆ ಹರಿದಂತಾಗುವುದು ನರ ಮತ್ತೆ ಕೆಲಸಕ್ಕೆ ಹತ್ತುವಾಗಿನ ಗಲಾಟೆ.

ಮೊಣಕೈಯಲ್ಲಿ ಸಿಕ್ಕಿದ್ದು ಅಲ್ನಾರ್ ನರ. ಒಳಬದಿಯ ಉಬ್ಬು ಮೂಳೆಯ ಹಿಂದೆ ಅದು ನಮ್ಮ ಬೀದಿಯ ಕೇಬಲ್ ವೈರಿನಂತೆ ಬಯಲಲ್ಲೇ ಹಾದುಹೋಗುತ್ತದೆ. ಕಿರುಬೆರಳು ಪೂರ್ತಿ ಅದರದ್ದು, ಉಂಗುರ ಬೆರಳಲ್ಲಿ ಅರ್ಧ ಮಾತ್ರ. ಉಳಿದರ್ಧ ಇನ್ನೊಂದು ನರಕ್ಕೆ. ಒಂದು ಬೆರಳಿಗೂ ಅಣ್ಣತಮ್ಮಂದಿರ ಪಾಲು! ನಾನು ಉಂಗುರ ತೆಗೆದು ಎರಡೂ ಕಡೆ ಚಿವುಟಿ ನೋಡಿಕೊಂಡೆ. ಮಜ್ಜಿಗೆ ಹುಡುಗ ನನ್ನನ್ನೇ ನೋಡುತ್ತಿದ್ದ.

ಇಷ್ಟು ಪಾಠವಾದ ಮೇಲೆ ಜಂಬ ಬರದೆ ಇರುತ್ತಾ? ಅಂದು ರಾತ್ರಿ ಅಲ್ಲೇ ಮಲಗಿದ್ದೆವು. ಎರಡು ಗಂಟೆಗೆ ಬಲ ಮೀನಖಂಡ ಕಲ್ಲಾಯಿತು. "ನರ! ನರ!" ಎಂದು ಕಿರುಚಿದೆ.

"ಇದು ಸ್ನಾಯು, ಮಾವ" ಎಂದಿತು ಹಾಲ್‌ನಿಂದ ನಿದ್ದೆಗಣ್ಣಿನ ಧ್ವನಿ. "ಮಲಗಿದಾಗ ಪಾದ ಕೆಳಗೆ ಬಾಗಿರುತ್ತೆ, ಮೀನಖಂಡ ಮೊದಲೇ ಮುದುಡಿರುತ್ತೆ. ಕಾಲ್ಬೆರಳು ಹಿಡಿದು ನಿಮ್ಮ ಕಡೆಗೆ ಎಳೀರಿ."

ಎಳೆಯಲು ಬಾಗಿದೆ. ಮಧ್ಯಾಹ್ನದ ಹೋಳಿಗೆಗಳು ಹೊಟ್ಟೆಯಲ್ಲೇ ಅಡ್ಡ ನಿಂತವು. ಕೈ ಮಂಡಿಯ ಹತ್ತಿರವೇ ಮುಗಿಯಿತು. ಕೊನೆಗೆ ಹೆಂಡತಿ ಎದ್ದು, ಕತ್ತಲಲ್ಲೇ ತಡಕಾಡಿ, ಎರಡೂ ಕೈಯಲ್ಲಿ ಪಾದ ಹಿಡಿದು, ತನ್ನ ಹತ್ತು ವರ್ಷದ ಲೆಕ್ಕವೆಲ್ಲ ಸೇರಿಸಿ ಬಲವಾಗಿ ಒತ್ತಿದಳು.

"ಹೇಗಿದೆ ರೀ ಈಗ?"

"ಅದು ಎಡಗಾಲು ಕಣೇ" ಎಂದೆ.