ಉಬ್ಬರ ನಿಮಗೋಸ್ಕರ ಕಾಯಲ್ಲ ಸ್ವಾಮಿ

ಚಳಿಗಾಲ ಬಂತೆಂದರೆ ಹಾಸನದಿಂದ ಮಂಗಳೂರು ಬಳಿಯ ಸಸಿಹಿತ್ಲು ಕಡಲತೀರಕ್ಕೆ ವಲಸೆ ಹಕ್ಕಿ ನೋಡಲು ಟಿಟಿ ಬುಕ್ ಆಗುತ್ತದೆ. ಊಟದ ಮೆನು ಒಂದು ವಾರ ಮುಂಚೆಯೇ ಪಕ್ಕಾ. ಉಬ್ಬರ ಇಳಿತದ ಹೊತ್ತು ಮಾತ್ರ ಯಾರೂ ನೋಡಿರುವುದಿಲ್ಲ!

ಶಾಂಭವಿ, ನಂದಿನಿ ಕಡಲು ಸೇರುವಲ್ಲಿ ನೀರು ಇಳಿದಾಗ ಕೆಸರು, ಮರಳುದಿಬ್ಬ ತೆರೆದುಕೊಳ್ಳುತ್ತವೆ. ಹಕ್ಕಿಗಳು ಹುಳು, ಏಡಿ ಹೆಕ್ಕುತ್ತಾ ದೂರ ಚದುರಿರುತ್ತವೆ. ನೀರು ಏರತೊಡಗಿದಾಗ ತಾವಾಗಿಯೇ ದಡದತ್ತ ಸರಿಯುತ್ತವೆ. ನೋಡಬೇಕಾದ್ದು ಆ ಒಂದೆರಡು ಗಂಟೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. 'ಹೋದ ವಾರ ಒಂಬತ್ತಕ್ಕೆ ಸಿಕ್ಕಿತ್ತಲ್ಲ' ಅನ್ನುವವರಿಗೆ ಈ ವಾರ ಒಂಬತ್ತಕ್ಕೆ ನೀರು ಇಳಿಯುತ್ತಿರುತ್ತದೆ, ಹಕ್ಕಿಗಳು ದೂರ.

ಐದಕ್ಕೆ ಹೊರಡುವುದೆಂದರೆ ಆರೂಕಾಲು. ಸಕಲೇಶಪುರದಲ್ಲಿ ಅಕ್ಕಿರೊಟ್ಟಿಗೆ ಮುಕ್ಕಾಲು ಗಂಟೆ (ರೊಟ್ಟಿಯ ಮೇಲೆ ದೂರಿಲ್ಲ). ಶಿರಾಡಿಯಲ್ಲಿ ಟ್ಯಾಂಕರ್ ಹಿಂದೆ ತೆವಳಿ ತಲುಪುವಾಗ ಮಧ್ಯಾಹ್ನ. ಪಡುವಣ ಕಡಲು, ಬಿಸಿಲು ಎದುರಿಗೇ. ನೋಡಲು ಒಂದೇ ಥರದ ದಡದ ಹಕ್ಕಿಗಳಾದ ಸಣ್ಣ, ದೊಡ್ಡ ಸ್ಯಾಂಡ್ ಪ್ಲೋವರ್ ಬೇರೆ ಮಾಡಬೇಕಾದರೆ ಕೊಕ್ಕಿನ ಉದ್ದ, ಕಾಲಿನ ಬಣ್ಣ ಕಾಣಬೇಕು. ಆಗ ಕಾಣುವುದು ಕಪ್ಪು ಚುಕ್ಕಿ. 8x42 ಬೈನಾಕ್ಯುಲರ್ ಸಾಲದು, ಟ್ರೈಪಾಡ್ ಮೇಲೆ ಕೂರಿಸಿ ನೋಡುವ ದೂರದರ್ಶಕ, ಸ್ಪಾಟಿಂಗ್ ಸ್ಕೋಪ್ ಬೇಕು. ಅದಿದ್ದರೆ ಟ್ರೈಪಾಡ್ ಮನೆಯಲ್ಲಿ.

ಕೊನೆಗೆ ಕೆಂಪು ಟೀಶರ್ಟಿನವರೊಬ್ಬರು ಮೊಬೈಲ್ ಹಿಡಿದು ದಿಬ್ಬದತ್ತ ಓಡುತ್ತಾರೆ. ಇಡೀ ಹಿಂಡು ಒಟ್ಟಿಗೆ ಏಳುತ್ತದೆ. ಸಾವಿರಾರು ಕಿಲೋಮೀಟರ್ ಹಾರಲು ಕೂಡಿಟ್ಟ ಕೊಬ್ಬು ಹೀಗೆ ವ್ಯರ್ಥ. ಫೋಟೋದಲ್ಲಿ ಬಂದದ್ದು ಬಾಲ.