ಬರೀ ಸಿಹಿನೀರು ಸಾಲದು, ಎಲ್ಬೋ ಬಿಚ್ಚಿ ನೋಡಿ

ಲೇಖನ ಚೆನ್ನಾಗಿದೆ. ಆದರೆ ‘ಸಮುದ್ರದಿಂದ ಬಂದ ಮೇಲೆ ಬೋಟಿನ ಎಂಜಿನ್ನಿಗೆ ಸಿಹಿನೀರು ಹಾಯಿಸಿದರೆ ಸಾಕು’ ಅಂದಿದ್ದೀರಲ್ಲ, ಅದು ಅರ್ಧ ಮಾತು. ನಾನಿರುವುದು ಬೆಂಗಳೂರಿನಲ್ಲಿ. ಇಲ್ಲಿ ಕೆರೆಗಳೇ ಕಾಣೆಯಾಗಿವೆ, ಸಮುದ್ರ ಎಲ್ಲಿಂದ! ಆದರೆ ಭಾವನ ಡೀಸೆಲ್ ಬೋಟು ಮಲ್ಪೆಯಲ್ಲಿದೆ. ಹೋದ ವರ್ಷ ಅದರ ಎಕ್ಸಾಸ್ಟ್ ಎಲ್ಬೋ, ಅಂದರೆ ಎಂಜಿನ್ನಿನ ಹೊಗೆ ಹೊರಹೋಗುವ ಬಾಗಿದ ಕೊಳವೆ, ರಿಪೇರಿಗೆ ರಾತ್ರಿ ಬಸ್ಸು ಹತ್ತಿ ಪೀಣ್ಯಕ್ಕೆ ಬಂತು. ಹೊರಗೆ ಪೇಂಟ್ ಹೊಳೆಯುತ್ತಿತ್ತು. ಒಳಗೆ ಉಪ್ಪು, ಮಸಿ, ತುಕ್ಕು ಸೇರಿ ಕಿರುಬೆರಳು ಹೋಗುವಷ್ಟೇ ಜಾಗ. ಬಿಸಿ ಹೊಗೆಗೆ ಉಪ್ಪುನೀರು ಬೆರೆಯುವುದು ಅಲ್ಲೇ ಅಲ್ವಾ? ಒಳಗೋಡೆ ತೂತಾದರೆ ನೀರು ವಾಪಸ್ ಸಿಲಿಂಡರಿಗೇ ಹೋಗಬಹುದು. ಆಮೇಲೆ ಎಂಜಿನ್ನೇ ಬಿಚ್ಚಬೇಕು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹೊಸದು ಮಾಡಿಸುವುದಾದರೆ 316 ಗ್ರೇಡ್ ಅಂತ ಕೇಳಿ ಪಡೆಯಿರಿ. ನಮಗೆ ಮೊದಲ ಸಲ ಯಾರೋ 304 ಹಾಕಿ ಕೊಟ್ಟಿದ್ದರು, ಉಪ್ಪುನೀರಿಗೆ ಚುಕ್ಕೆ ಚುಕ್ಕೆಯಾಗಿ ತಿಂದು ಹೋಯಿತು. ಎಂಜಿನ್ನಿನ ಲೋಹದ ಬದಲು ತಾನು ಸವೆಯಲೆಂದು ಹಾಕಿರುವ ಜಿಂಕ್ ತುಂಡು ಅರ್ಧ ಕರಗಿದಾಗಲೇ ಬದಲಿಸಿ. ಅದು ಕರಗುತ್ತಿದೆ ಅಂದರೆ ಕೆಲಸ ಮಾಡುತ್ತಿದೆ ಅಂತ, ಸುಮ್ನೆ ಬೈಯಬೇಡಿ. ಸಮುದ್ರದ ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ಮುರಿದಿದ್ದರೆ ಹೊಸದು ಹಾಕಿ ಕೈ ತೊಳೆದುಕೊಳ್ಳಬೇಡಿ. ಹಳೆಯದರ ಚೂರುಗಳು ಮುಂದೆ ಎಂಜಿನ್ನಿನ ಬಿಸಿ ಇಳಿಸುವ ಹೀಟ್ ಎಕ್ಸ್‌ಚೇಂಜರಿನಲ್ಲಿ ಸಿಕ್ಕಿರುತ್ತವೆ, ಎಣಿಸಿ ತೆಗೆಯಿರಿ.